ಬ್ಯಾಂಡ್ ಹುಡುಗಿಯ ಅಪ್ಪನಿಂದ ಹತ್ತು ಕಮಿಷನರ್‌ಗಳಿಗೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಹತ್ತೂ ಕಾನ್ಫರೆನ್ಸ್‌ಗಳ ಕಮಿಷನರ್‌ಗಳಿಗೆ, ಮತ್ತು ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಟೂರ್ನಿಯ ಆಡಳಿತ ಸಮಿತಿಯಲ್ಲಿ ಅವರ ಜೊತೆ ಹನ್ನೊಂದನೆಯವರಾಗಿ ಕೂರುವ ನೋಟರ್ ಡೇಮ್ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಿಗೆ,

ಮಾನ್ಯರೇ, ನಮಸ್ಕಾರ.

ನಾನು ಆಟಗಾರನಲ್ಲ, ಕೋಚ್ ಅಲ್ಲ, ಕಾಲೇಜಿಗೆ ಲಕ್ಷಗಟ್ಟಲೆ ದಾನ ಕೊಡುವ ಹಳೇ ವಿದ್ಯಾರ್ಥಿಯೂ ಅಲ್ಲ. ತುಮಕೂರು ಕಡೆಯವನು. ಹತ್ತೊಂಬತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ. ನನ್ನ ಮಗಳು ಮಿಡ್‌ವೆಸ್ಟಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಟ್ರಾಂಬೋನ್ ಊದುತ್ತಾಳೆ. ನಿಮ್ಮ ಹತ್ತರಲ್ಲಿ ಸಣ್ಣದು ಅನ್ನಿಸಿಕೊಂಡ ಒಂದು ಕಾನ್ಫರೆನ್ಸಿನ ಕಾಲೇಜು ಅದು. ಹೆಸರು ಬೇಡ. ಅವಳಿಗಿನ್ನೂ ಎರಡು ವರ್ಷ ಓದುವುದಿದೆ.

ಇದೇ ಪತ್ರವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೆ. ಅಭಿಪ್ರಾಯ ಹಂಚಿಕೊಂಡಿದ್ದಕ್ಕೆ ಧನ್ಯವಾದ ಅಂತ ಒಂದು ಕಚೇರಿಯಿಂದ ಎರಡು ಸಾಲು ಬಂತು. ಉಳಿದವರಿಂದ ಅದೂ ಇಲ್ಲ. ಹಾಗಾಗಿ ಈಗ ಕನ್ನಡದಲ್ಲಿ, ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ನೀವು ಓದದಿದ್ದರೆ ಹೋಗಲಿ, ಮಕ್ಕಳನ್ನು ಈ ಕಾಲೇಜುಗಳಿಗೆ ಕಳಿಸಿರುವ ನಮ್ಮವರಾದರೂ ಓದುತ್ತಾರೆ. ಅವರ ಮನೆಗೂ ಅದೇ ಫೀ ಬಿಲ್ ಬರುತ್ತದೆ.

ಆ ನಮ್ಮವರಿಗಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ನೀವು ಸ್ವಲ್ಪ ತಾಳಬೇಕು. ಇಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಚೆಂಡಲ್ಲ, ಕೈಯಲ್ಲಿ ಹಿಡಿದು ಓಡುವ ಚೆಂಡು. ಒಂದಷ್ಟು ಕಾಲೇಜುಗಳು ಸೇರಿ ಮಾಡಿಕೊಂಡ ಕೂಟ ಕಾನ್ಫರೆನ್ಸ್, ಅದರ ಮುಖ್ಯಸ್ಥರು ಕಮಿಷನರ್. ಟಿವಿ ಹಕ್ಕು ಮಾರುವುದು, ಬಂದ ದುಡ್ಡು ಹಂಚುವುದು, ಯಾವ ತಂಡ ಯಾವ ಬೌಲ್‌ಗೆ ಅಂತ ಒಪ್ಪಂದ ಮಾಡಿಕೊಳ್ಳುವುದು, ಎಲ್ಲ ಈ ಕೂಟದ್ದೇ ಕೆಲಸ. ಬೌಲ್ ಅಂದರೆ ಸೀಸನ್ ಮುಗಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಆಡುವ ವಿಶೇಷ ಪಂದ್ಯ. ಮೊದಲನೆಯದು 1902ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ನಡೆಯಿತು. ಮಿಷಿಗನ್ 49, ಸ್ಟ್ಯಾನ್‌ಫರ್ಡ್ ಸೊನ್ನೆ. ಆಟ ಮುಗಿಯುವ ಮೊದಲೇ ಸ್ಟ್ಯಾನ್‌ಫರ್ಡ್ ಕೈಚೆಲ್ಲಿತು. ಇದು ಯಾಕೋ ಸರಿಹೋಗಲಿಲ್ಲ ಅಂತ ಊರವರು ಆಮೇಲೆ ಕೆಲವು ವರ್ಷ ಫುಟ್‌ಬಾಲ್ ಬಿಟ್ಟು ರಥದ ಓಟ ಇಟ್ಟುಕೊಂಡಿದ್ದರಂತೆ. ಅದನ್ನೇ ಮುಂದುವರಿಸಿದ್ದರೆ ಈ ಪತ್ರದ ಕೆಲಸವೇ ಇರುತ್ತಿರಲಿಲ್ಲ.

ಈಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ಮಗಳ ಕಾಲೇಜು ಆರು ಪಂದ್ಯ ಗೆದ್ದಿತು. ಆರು ಗೆದ್ದರೆ ಬೌಲ್‌ಗೆ ಅರ್ಹತೆ. ಡಿಸೆಂಬರ್ ಮೊದಲ ಭಾನುವಾರ ಫೋನ್ ಮಾಡಿ, "ಅಪ್ಪಾ, ನಮಗೂ ಬೌಲ್ ಸಿಕ್ತು!" ಅಂತ ಕಿರುಚಿದಳು. ಎಲ್ಲಿ ಅಂತ ಕೇಳಿದೆ. ಬಸ್ಸಿನಲ್ಲಿ ಹದಿನಾಲ್ಕು ಗಂಟೆ ದೂರ. ಯಾವತ್ತು? ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ವಾರ, ಮಂಗಳವಾರ ಮಧ್ಯಾಹ್ನ ಎರಡಕ್ಕೆ. ಕೆಲಸಕ್ಕೆ ಹೋಗುವವರು ಯಾರು ಬರುತ್ತಾರೆ? ಸ್ಟೇಡಿಯಂಗೆ ಯಾರೂ ಬರಬೇಕಾಗಿಲ್ಲ, ಟಿವಿಗೆ ಆ ಹೊತ್ತಿನ ಜಾಗ ತುಂಬಿದರೆ ಸಾಕು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಬ್ಯಾಂಡ್‌ನಲ್ಲಿ ಇನ್ನೂರು ಚಿಲ್ಲರೆ ಮಕ್ಕಳು. ಅಷ್ಟೂ ಜನರನ್ನು ಕರೆದೊಯ್ಯಲು ದುಡ್ಡಿಲ್ಲ, ಎರಡು ಬಸ್ಸಿಗೆ ಆಗುವಷ್ಟು ಮಾತ್ರ ಅಂದರು. ಹೆಸರುಗಳ ಪಟ್ಟಿ ಹಾಕಿದರು. ಅವಳ ರೂಮ್‌ಮೇಟ್ ಆಗಸ್ಟ್ ಬಿಸಿಲಿನಿಂದ ನವೆಂಬರ್ ಹಿಮದ ತನಕ ಒಂದೂ ಪ್ರಾಕ್ಟೀಸ್ ತಪ್ಪಿಸದ ಹುಡುಗಿ. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಟಿಕೆಟ್ ಕಥೆ ಇನ್ನೂ ಚೆನ್ನಾಗಿದೆ. ಇಂತಿಷ್ಟು ಟಿಕೆಟ್ ಮಾರುವ ಹೊಣೆ ಕಾಲೇಜಿನ ತಲೆ ಮೇಲೆ ಇರುತ್ತದೆ. ಮಾರಾಟವಾಗದೆ ಉಳಿದರೆ ನಷ್ಟ ಅದರದ್ದೇ. ದಯವಿಟ್ಟು ನಮ್ಮ ಮೂಲಕವೇ ಕೊಳ್ಳಿ ಅಂತ ಪೋಷಕರಿಗೆಲ್ಲ ಇಮೇಲ್ ಬಂತು. ನಾನು, ನನ್ನ ಹೆಂಡತಿ, ಮಗ, ಮೂವರಿಗೂ ತಲಾ 65 ಡಾಲರ್ ಕೊಟ್ಟು ತಗೊಂಡೆ. ಕಾಲೇಜಿಗೆ ಸಹಾಯ ಆಗುತ್ತಲ್ವಾ ಅಂತ. ಪಕ್ಕದ ಸೀಟಿಗೆ ಆ ಊರಿನವರೇ ಒಬ್ಬ ಅಜ್ಜ ಮೊಮ್ಮಗನ ಕೈ ಹಿಡಿದುಕೊಂಡು ಬಂದರು. ಮಾತಿಗೆ ಮಾತು ಬಂದು ಫೋನ್ ತೆಗೆದು ತೋರಿಸಿದರು. ಅದೇ ಸಾಲು, ಅದೇ ದಿನ, ಮರುಮಾರಾಟದ ಆ್ಯಪ್‌ನಲ್ಲಿ ಟಿಕೆಟ್ ಆರು ಡಾಲರ್. ಅವರು ಕುಡಿಯುತ್ತಿದ್ದ ಕಾಫಿಗೆ ಏಳು.

ಸ್ಟೇಡಿಯಂ ಅರ್ಧಕ್ಕಿಂತ ಜಾಸ್ತಿ ಖಾಲಿ. ಟಿವಿ ಕ್ಯಾಮೆರಾ ನೋಡುವ ಕಡೆಗೆ ಬಂದು ಕೂರಿ ಅಂತ ಸಿಬ್ಬಂದಿ ನಮ್ಮನ್ನೆಲ್ಲ ಎಬ್ಬಿಸಿದರು. ಹಾಫ್ ಟೈಮಿನಲ್ಲಿ ಬ್ಯಾಂಡ್ ನುಡಿಸಿತು. ಖಾಲಿ ಕಾಂಕ್ರೀಟಿಗೆ ಬಡಿದು ಟ್ರಾಂಬೋನ್ ದನಿ ಎರಡೆರಡು ಸಲ ಕೇಳಿಸುತ್ತಿತ್ತು. ಟಿವಿಯಲ್ಲಿ ಆ ಹೊತ್ತಿಗೆ ಜಾಹೀರಾತು ಬರುತ್ತಿತ್ತಂತೆ, ಊರಲ್ಲಿ ನೋಡುತ್ತಿದ್ದ ರೂಮ್‌ಮೇಟ್ ಮೆಸೇಜ್ ಮಾಡಿದಳು. ವಾಪಸ್ ಹೊರಡುವಾಗ ಬ್ಯಾಂಡ್ ಮಕ್ಕಳಿಗೆ ತಲಾ ಒಂದು ಸ್ಯಾಂಡ್‌ವಿಚ್ ಡಬ್ಬ, ಪ್ರಾಯೋಜಕರ ಹೆಸರಿದ್ದ ಒಂದು ಕೀಚೈನ್. ಪಂದ್ಯ ಸೋತೆವು. ಅದರ ಬಗ್ಗೆ ತಕರಾರಿಲ್ಲ.

ನಮ್ಮದೊಂದೇ ಕಾಲೇಜಿನ ಕಥೆಯಾಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. 2011ರ ಜನವರಿ 1ರಂದು ಕನೆಕ್ಟಿಕಟ್ ತಂಡ ಅರಿಜೋನಾದಲ್ಲಿ ಫಿಯೆಸ್ಟಾ ಬೌಲ್ ಆಡಿತು. ಆಗಿನ ಐದು ಅತಿ ದೊಡ್ಡ ಬೌಲ್ ಪಂದ್ಯಗಳಲ್ಲಿ ಅದೂ ಒಂದು. ಕಾಲೇಜಿನ ಪಾಲಿಗೆ ಬಂದ ಟಿಕೆಟ್ 17,500. ಅದರಲ್ಲಿ ಬಹುಪಾಲು ಮಾರಾಟವೇ ಆಗಲಿಲ್ಲ. ಪಂದ್ಯ 48–20ರಲ್ಲಿ ಸೋತರು, ಮೇಲೆ ಹದಿನೈದು ಲಕ್ಷ ಡಾಲರಿಗೂ ಜಾಸ್ತಿ ಕೈಯಿಂದ ಹೋಯಿತು. ಅದೇ ವರ್ಷ ಅದೇ ಬೌಲ್‌ನ ಮುಖ್ಯಸ್ಥರನ್ನು ಕೆಲಸದಿಂದ ತೆಗೆದರು. ಬೌಲ್‌ನ ದುಡ್ಡಿನಲ್ಲಿ ಅವರು ತಮ್ಮ ಐವತ್ತನೇ ಹುಟ್ಟುಹಬ್ಬಕ್ಕೆ 33,000 ಡಾಲರ್ ಖರ್ಚು ಮಾಡಿದ್ದು ತನಿಖೆಯಲ್ಲಿ ಹೊರಬಿತ್ತು. ಮುಂದೆ ರಾಜಕೀಯ ದೇಣಿಗೆಯ ಅಕ್ರಮಕ್ಕಾಗಿ ಜೈಲಿಗೂ ಹೋದರು. ಬೌಲ್ ಮಾಡುವವರಿಗೆ ಹಬ್ಬ, ಆಡುವವರಿಗೆ ಸಾಲ. ಹಳೇ ಕಥೆ ಅನ್ನಬಹುದು ನೀವು. ನನ್ನ 65 ಡಾಲರ್ ಟಿಕೆಟ್ ಹಳೆಯದಲ್ಲ.

ಹಾಗಿದ್ದರೆ ಬೌಲ್ ಬೇಡ ಅನ್ನಬಹುದಲ್ಲ? 2025ರ ಡಿಸೆಂಬರಿನಲ್ಲಿ ಅಯೋವಾ ಸ್ಟೇಟ್, ಕ್ಯಾನ್ಸಸ್ ಸ್ಟೇಟ್ ಎರಡೂ ಹಾಗೇ ಅಂದವು. ಕೋಚ್‌ಗಳು ಬಿಟ್ಟುಹೋಗುತ್ತಿದ್ದ ಸಮಯ ಅದು. ಬಿಗ್ 12 ಕಾನ್ಫರೆನ್ಸ್ ಇಬ್ಬರಿಗೂ ತಲಾ ಐದು ಲಕ್ಷ ಡಾಲರ್ ದಂಡ ಹಾಕಿತು. ಮದುವೆ ಊಟಕ್ಕೆ ಬರದವರಿಗೆ ದಂಡ ಹಾಕುವ ಮನೆಯನ್ನು ನಾನು ಇಲ್ಲೇ ನೋಡಿದ್ದು.

ಇನ್ನು ಪ್ಲೇಆಫ್‌ಗೆ ಬರುತ್ತೇನೆ. ಮುಖ್ಯ ದೂರು ಇಲ್ಲಿದೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಾಲೇಜು ಚಾಂಪಿಯನ್ ಯಾರು ಅನ್ನುವುದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ನಡೆಸುವ ಟೂರ್ನಿಯಲ್ಲಿ ತೀರ್ಮಾನ ಆಗುತ್ತದೆ. ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಹಾಗಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಟಿವಿ ಹಕ್ಕಿನ ಮೇಲಿದ್ದ ಎನ್‌ಸಿಎಎ ಹಿಡಿತವನ್ನು ಬಿಡಿಸಿತು. ಅಲ್ಲಿಂದ ಶುರುವಾಗಿ ಟಿವಿ ದುಡ್ಡೂ ಅಧಿಕಾರವೂ ನಿಮ್ಮ ಕಡೆಗೇ ಹರಿದು ಬಂದವು. ಪ್ಲೇಆಫ್ ನಿಮ್ಮದು, ನಿಯಮ ನಿಮ್ಮದು, ಗಲ್ಲಾಪೆಟ್ಟಿಗೆಯೂ ನಿಮ್ಮದು. ಹನ್ನೆರಡು ತಂಡ ಆರಿಸಲು ಒಂದು ಆಯ್ಕೆ ಸಮಿತಿ ಇಟ್ಟಿದ್ದೀರಿ. ಅದರಲ್ಲಿರುವವರಲ್ಲಿ ಎಷ್ಟೋ ಜನ ಇದೇ ಕಾಲೇಜುಗಳ ಹಾಲಿ ಕ್ರೀಡಾ ನಿರ್ದೇಶಕರು. ಟೆಕ್ಸಾಸಿನ ಗ್ರೇಪ್‌ವೈನ್‌ನಲ್ಲಿ ಒಂದು ದೊಡ್ಡ ಹೋಟೆಲಿನ ಕೋಣೆಯಲ್ಲಿ ಕೂತು ಮತ ಹಾಕುತ್ತಾರೆ. ಯಾರು ಯಾರಿಗೆ ಹಾಕಿದರು ಅಂತ ಹೇಳುವುದಿಲ್ಲ.

ನಾನು ರಣಜಿ ನೋಡಿ ಬೆಳೆದವನು. ಕರ್ನಾಟಕ ಕ್ವಾರ್ಟರ್ ಫೈನಲ್‌ಗೆ ಹೋಗುತ್ತೋ ಇಲ್ಲವೋ ಅಂತ ತಿಳಿಯಲು ಪೇಪರ್ ತೆಗೆದು ಪಾಯಿಂಟ್ಸ್ ಪಟ್ಟಿ ನೋಡಿದರೆ ಆಯಿತು. ಹೊಟ್ಟೆ ಉರಿದರೂ ಲೆಕ್ಕ ಅರ್ಥವಾಗುತ್ತಿತ್ತು. ನಿಮ್ಮ ಲೆಕ್ಕ ಮಾತ್ರ ನನಗೆ ಇವತ್ತಿಗೂ ತಲೆಗೆ ಹತ್ತಿಲ್ಲ.

2023ನ್ನೇ ನೋಡಿ. ಫ್ಲೋರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಗೆದ್ದಿತು. ಎಸಿಸಿ ಕಾನ್ಫರೆನ್ಸಿನ ಚಾಂಪಿಯನ್. ಆಗ ಪ್ಲೇಆಫ್‌ನಲ್ಲಿ ನಾಲ್ಕೇ ಜಾಗ. ನಾಲ್ಕನೆಯದು ಒಂದು ಪಂದ್ಯ ಸೋತಿದ್ದ ಅಲಬಾಮಾಕ್ಕೆ ಹೋಯಿತು. ಕಾರಣ? ಫ್ಲೋರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ, ಜೋರ್ಡನ್ ಟ್ರಾವಿಸ್ ನವೆಂಬರಿನಲ್ಲಿ ಕಾಲು ಮುರಿದುಕೊಂಡಿದ್ದ. ಅವನಿಲ್ಲದ ಮೇಲೂ ಆ ತಂಡ ಗೆದ್ದೇ ಇತ್ತು. ಗೆದ್ದ ಪಂದ್ಯಗಳನ್ನು ಬಿಟ್ಟು ಮುಂದೆ ಸೋಲಬಹುದಾದ ಪಂದ್ಯಕ್ಕೆ ಶಿಕ್ಷೆ ಕೊಟ್ಟಿರಿ. ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಆರೆಂಜ್ ಬೌಲ್‌ಗೆ ಇಳಿಯಲಿಲ್ಲ. ಉಳಿದ ಹುಡುಗರು ಜಾರ್ಜಿಯಾ ಎದುರು 63–3ರಲ್ಲಿ ಸೋತರು. ಆಮೇಲೆ ಅದನ್ನೇ ತೋರಿಸಿ, ನೋಡಿದಿರಾ, ನಾವು ಹೇಳಲಿಲ್ಲವಾ ಅಂದವರೂ ಇದ್ದರು.

ನಾಲ್ಕು ಹೋಗಿ ಹನ್ನೆರಡು ಆಯಿತು, ಎಲ್ಲ ಸರಿಹೋಗುತ್ತೆ ಅಂದುಕೊಂಡೆವು. 2025ರಲ್ಲಿ ಏನಾಯಿತು? ಮಯಾಮಿ ಮತ್ತು ನೋಟರ್ ಡೇಮ್, ಎರಡೂ ಹತ್ತು ಗೆಲುವು, ಎರಡು ಸೋಲು. ಆಗಸ್ಟ್ 31ರಂದು ಮಯಾಮಿ ನೋಟರ್ ಡೇಮನ್ನು 27–24ರಲ್ಲಿ ಸೋಲಿಸಿತ್ತು. ಆದರೂ ವಾರವಾರ ಬರುವ ನಿಮ್ಮ ರ‍್ಯಾಂಕಿಂಗ್‌ನಲ್ಲಿ ನೋಟರ್ ಡೇಮೇ ಮೇಲೆ. ಕೊನೆಯ ಮಂಗಳವಾರ ನೋಟರ್ ಡೇಮ್ ಹತ್ತು, ಮಯಾಮಿ ಹನ್ನೆರಡು. ಆ ಶನಿವಾರ ಎರಡೂ ತಂಡ ಮನೆಯಲ್ಲಿದ್ದವು. ಒಬ್ಬರೂ ಚೆಂಡು ಮುಟ್ಟಲಿಲ್ಲ. ಭಾನುವಾರ ಬೆಳಗಾದರೆ ಮಯಾಮಿ ಹತ್ತು, ನೋಟರ್ ಡೇಮ್ ಹನ್ನೊಂದು. ಹನ್ನೆರಡರಲ್ಲಿ ಕೊನೆಯ ಎರಡು ಜಾಗ ಕೆಳಗಿನ ರ‍್ಯಾಂಕಿನ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಹೋದವು, ಅಂದರೆ ನೋಟರ್ ಡೇಮ್ ಹೊರಗೆ. ನಡುವೆ ಇದ್ದ ಬ್ರಿಗಮ್ ಯಂಗ್ ಸೋತು ಕೆಳಗಿಳಿಯಿತು, ಹಾಗಾಗಿ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು ಅಂತ ವಿವರಣೆ. ಆಗಸ್ಟಿನ ಪಂದ್ಯ ಡಿಸೆಂಬರ್ ಏಳರ ತನಕ ಯಾರ ಕಣ್ಣಿಗೂ ಬೀಳಲಿಲ್ಲವಾ?

ಮಯಾಮಿಗೆ ಜಾಗ ಸಿಕ್ಕಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಎದುರುಬದುರು ಗೆದ್ದವರೇ ಮೇಲಿರಬೇಕು. ಆ ತಂಡ ಫೈನಲ್ ತನಕ ಹೋಗಿ ಇಂಡಿಯಾನಾ ಎದುರು 27–21ರಲ್ಲಿ ಸೋತಿತು, ನೋಡಲು ಅದ್ಭುತವಾಗಿತ್ತು. ನನ್ನ ತಕರಾರು ಆ ವಾರವಾರದ ನಾಟಕದ ಮೇಲೆ. ನವೆಂಬರಿನಿಂದ ಪ್ರತಿ ವಾರ ಟಿವಿಯಲ್ಲಿ ಒಂದು ಪಟ್ಟಿ ತೋರಿಸುತ್ತೀರಿ. ಜನ ಜಗಳ ಆಡುತ್ತಾರೆ, ಕಾರ್ಯಕ್ರಮ ಓಡುತ್ತದೆ. ಕೊನೆಗೆ ಆ ಪಟ್ಟಿಗೆ ಅರ್ಥವೇ ಇರಲಿಲ್ಲ ಅಂತಾದರೆ ಸುಮ್ನೆ ಯಾಕೆ ತೋರಿಸಿದಿರಿ? ಆ ಕಾರ್ಯಕ್ರಮ ಬರುವುದು ಇಎಸ್‌ಪಿಎನ್‌ನಲ್ಲಿ. ಪ್ಲೇಆಫ್ ಹಕ್ಕು ಕೊಂಡಿರುವುದು ಇಎಸ್‌ಪಿಎನ್. ಹತ್ತಕ್ಕೂ ಹೆಚ್ಚು ಬೌಲ್‌ಗಳ ಮಾಲೀಕತ್ವ ಅದೇ ಕಂಪನಿಯ ಕೈಯಲ್ಲಿ. ಅವರನ್ನು ದೂರುತ್ತಿಲ್ಲ. ಅಂಗಡಿ ಇಟ್ಟವರು ವ್ಯಾಪಾರ ಮಾಡುತ್ತಾರೆ. ತಕ್ಕಡಿ ಹಿಡಿದವರು ನೀವು.

ಈಗ ದುಡ್ಡಿನ ಮಾತು. 2024 ಮತ್ತು 2025ರಲ್ಲಿ ಪ್ಲೇಆಫ್ ಸೇರಿದ ತಂಡಕ್ಕೆ ನಲವತ್ತು ಲಕ್ಷ ಡಾಲರ್. ಕ್ವಾರ್ಟರ್ ಫೈನಲ್ ತಲುಪಿದರೆ ಮತ್ತೆ ನಲವತ್ತು ಲಕ್ಷ. ಸೆಮಿಫೈನಲ್‌ಗೆ ಅರವತ್ತು, ಫೈನಲ್‌ಗೆ ಅರವತ್ತು. ಇದು ಹೋಗುವುದು ಕಾಲೇಜಿಗಲ್ಲ, ಅದರ ಕಾನ್ಫರೆನ್ಸಿಗೆ. ಕೆಲವು ಕಾನ್ಫರೆನ್ಸ್‌ಗಳು ಎಲ್ಲರಿಗೂ ಹಂಚುತ್ತವೆ, ಕೆಲವು ಗೆದ್ದವರಿಗೇ ಜಾಸ್ತಿ ಬಿಡುತ್ತವೆ. ಅದು ಒಳಮನೆ ವಿಚಾರ, ಇರಲಿ. ಆದರೆ ಗ್ರೇಪ್‌ವೈನ್‌ನಲ್ಲಿ ಹತ್ತನೆಯವರು ಯಾರು, ಹನ್ನೊಂದನೆಯವರು ಯಾರು ಅಂತ ಮತ ಹಾಕುವಾಗ ನಲವತ್ತು ಲಕ್ಷವೂ ಕೈ ಬದಲಾಗುತ್ತಿತ್ತು. ಸ್ವಂತ ಕಾಲೇಜಿನ ಮಾತು ಬಂದಾಗ ಸದಸ್ಯರು ಕೋಣೆಯಿಂದ ಆಚೆ ಹೋಗುತ್ತಾರೆ, ಸರಿ. ಅದೇ ಕಾನ್ಫರೆನ್ಸಿನ ಪಕ್ಕದ ಕಾಲೇಜಿನ ಮಾತು ಬಂದಾಗ? ಆ ದುಡ್ಡಿನಲ್ಲಿ ಇವರ ಕಾಲೇಜಿಗೂ ಪಾಲಿದ್ದರೆ?

2026ರಿಂದ ಹೊಸ ಒಪ್ಪಂದ. ಆರು ವರ್ಷಕ್ಕೆ 780 ಕೋಟಿ ಡಾಲರ್, ವರ್ಷಕ್ಕೆ ಸುಮಾರು 130 ಕೋಟಿ. ಇದರಲ್ಲಿ ದೊಡ್ಡ ಕಾನ್ಫರೆನ್ಸ್‌ಗಳಾದ ಎಸ್‌ಇಸಿಗೆ ಸುಮಾರು ಶೇ 29, ಬಿಗ್ ಟೆನ್‌ಗೆ ಸುಮಾರು ಶೇ 29. ಎಸಿಸಿಗೆ ಶೇ 17ರಷ್ಟು, ಬಿಗ್ 12ಗೆ ಶೇ 15ರಷ್ಟು. ನಮ್ಮಂಥ ಸಣ್ಣ ಕಾನ್ಫರೆನ್ಸ್‌ಗಳೆಲ್ಲ ಸೇರಿ ಶೇ 9ರ ಹತ್ತಿರ. ಇದನ್ನು ಕಾಲೇಜಿನ ಲೆಕ್ಕಕ್ಕೆ ಇಳಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಹಳೇ ಒಪ್ಪಂದದಲ್ಲಿ ದೊಡ್ಡ ಕಾಲೇಜಿಗೆ ವರ್ಷಕ್ಕೆ ಐವತ್ತರಿಂದ ಅರವತ್ತು ಲಕ್ಷ ಡಾಲರ್ ಬರುತ್ತಿತ್ತು, ಸಣ್ಣದಕ್ಕೆ ಹದಿನೈದು ಲಕ್ಷದಷ್ಟು. ಹೊಸದರಲ್ಲಿ ಎಸ್‌ಇಸಿ, ಬಿಗ್ ಟೆನ್ ಕಾಲೇಜಿಗೆ ಎರಡು ಕೋಟಿ ದಾಟುತ್ತದೆ. ಸಣ್ಣದಕ್ಕೆ ಹದಿನೆಂಟು ಲಕ್ಷದ ಆಸುಪಾಸು. ಅವರದು ಮೂರು ಪಟ್ಟಿಗಿಂತ ಮೇಲೆ ಹೋಯಿತು, ನಮ್ಮದು ಹಣದುಬ್ಬರದ ಜೊತೆ ಓಡಲೂ ಸಾಲದು. ಮುಂದಿನ ಸ್ವರೂಪ ಹೇಗಿರಬೇಕು, ಹದಿನಾರು ತಂಡವಾ, ಇಪ್ಪತ್ನಾಲ್ಕಾ ಅನ್ನುವುದರಲ್ಲೂ ಆ ಎರಡು ಕಾನ್ಫರೆನ್ಸ್‌ಗಳ ಮಾತೇ ನಡೆಯುವ ಹಾಗೆ 2024ರಲ್ಲೇ ಸಹಿ ಆಗಿದೆ. ಸಹಿ ಹಾಕಿದವರಲ್ಲಿ ನಮ್ಮ ಸಣ್ಣ ಕಮಿಷನರ್‌ಗಳೂ ಇದ್ದಿರಿ. ಬೇರೆ ದಾರಿ ಇರಲಿಲ್ಲ ಅನ್ನುತ್ತೀರಿ. ಇರಬಹುದು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಕ್ರಿಕೆಟ್‌ನಲ್ಲಿ ಐಸಿಸಿ ದುಡ್ಡು ಹಂಚುವಾಗ ಭಾರತಕ್ಕೆ ಶೇ 38.5 ಬಂತು. ವೆಸ್ಟ್ ಇಂಡೀಸ್‌ಗೆ ಶೇ 5 ಕೂಡ ಇಲ್ಲ. ನೋಡುವವರು ನಮ್ಮವರೇ ಜಾಸ್ತಿ, ಬರಬೇಕಾದ್ದೇ ಅಂತ ನಾನೇ ವಾಟ್ಸಾಪ್ ಗುಂಪಿನಲ್ಲಿ ವಾದ ಮಾಡಿದ್ದೆ. ದೊಡ್ಡಣ್ಣನ ಪಕ್ಷದಲ್ಲಿ ನಿಂತಾಗ ಲೆಕ್ಕ ಎಷ್ಟು ಸಲೀಸು! ಮಗಳು ಸಣ್ಣ ಕಾಲೇಜು ಸೇರಿದ ಮೇಲೆ ನನಗೆ ಆ ಕಡೆಯ ಕುರ್ಚಿ ಸಿಕ್ಕಿದೆ. ಹಾಗಾಗಿ ಎಲ್ಲರಿಗೂ ಸರಿಸಮ ಕೊಡಿ ಅಂತ ನಾನು ಕೇಳುವುದಿಲ್ಲ. ಅಲಬಾಮಾ ಆಟವನ್ನು ನಮ್ಮ ಆಟಕ್ಕಿಂತ ಎಷ್ಟೋ ಜನ ಜಾಸ್ತಿ ನೋಡುತ್ತಾರೆ, ಗೊತ್ತು.

ಆದರೆ ಜೇಮ್ಸ್ ಮ್ಯಾಡಿಸನ್ ಕಾಲೇಜನ್ನು ನೋಡಿ. ಸನ್ ಬೆಲ್ಟ್ ಅನ್ನುವ ಸಣ್ಣ ಕಾನ್ಫರೆನ್ಸಿನ ಚಾಂಪಿಯನ್. 2025ರ ಹನ್ನೆರಡರಲ್ಲಿ ಕೊನೆಯ ಜಾಗ ಅದಕ್ಕೆ ಸಿಕ್ಕಿತು. ಒರೆಗನ್‌ಗೆ ಹೋಗಿ 51–34ರಲ್ಲಿ ಸೋತಿತು. ಅವತ್ತೇ ರಾತ್ರಿ ಟಿವಿಯಲ್ಲಿ ಚರ್ಚೆ: ಇಂಥವರನ್ನು ಯಾಕೆ ಸೇರಿಸಿಕೊಳ್ಳಬೇಕು? ಹಿಂದಿನ ವರ್ಷ ಟೆನೆಸಿ ಇದೇ ಸುತ್ತಿನಲ್ಲಿ 42–17ರಲ್ಲಿ ಸೋತಾಗ ಎಸ್‌ಇಸಿಯವರನ್ನು ಯಾಕೆ ಸೇರಿಸಬೇಕು ಅಂತ ಯಾರೂ ಕೇಳಲಿಲ್ಲ. ಆ ಜೇಮ್ಸ್ ಮ್ಯಾಡಿಸನ್‌ನಲ್ಲಿ ಓದುವ ಪ್ರತಿ ಮಗುವೂ ಕ್ರೀಡೆಗೆ ಅಂತಲೇ ವರ್ಷಕ್ಕೆ 2,000 ಡಾಲರಿಗೂ ಜಾಸ್ತಿ ಫೀ ಕಟ್ಟುತ್ತದೆ, ಆಟ ನೋಡಿದರೂ ನೋಡದಿದ್ದರೂ. ನನ್ನ ಮಗಳ ಬಿಲ್ಲಿನಲ್ಲಿ ಅದೇ ಸಾಲು ಸೆಮಿಸ್ಟರಿಗೆ 412 ಡಾಲರ್. ಲೈಬ್ರರಿ ಫೀಗಿಂತ ಜಾಸ್ತಿ. ದೊಡ್ಡ ಕಾಲೇಜುಗಳು ಟಿವಿ ದುಡ್ಡಿನಲ್ಲಿ ಆಡುತ್ತವೆ. ನಮ್ಮವು ಮಕ್ಕಳ ಸಾಲದ ದುಡ್ಡಿನಲ್ಲಿ ಆಡುತ್ತವೆ. ಮೇಲಾಗಿ ಈಗ ಆಟಗಾರರಿಗೂ ಕಾಲೇಜೇ ನೇರವಾಗಿ ಹಣ ಕೊಡಬಹುದು, 2025–26ಕ್ಕೆ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ತನಕ. ಆಟಗಾರರಿಗೆ ಕೊಡುವುದು ನ್ಯಾಯವೇ. ನಮ್ಮಂಥ ಕಾಲೇಜಿಗೆ ಅಷ್ಟು ಎಲ್ಲಿಂದ ಬರಬೇಕು? ನನಗಂತೂ ಆ 412 ಮುಂದೆ 500 ಆಗುವುದು ಕಾಣುತ್ತಿದೆ.

ಇಷ್ಟು ಹೇಳಿ, ಕೇಳುವುದನ್ನು ಕೇಳುತ್ತೇನೆ.

ಆಯ್ಕೆ ಸಮಿತಿಯ ಪ್ರತಿ ಸದಸ್ಯರ ಅಂತಿಮ ಮತವನ್ನು ಹೆಸರಿನ ಸಮೇತ ಪ್ರಕಟಿಸಿ. ಎಪಿ ಸುದ್ದಿಸಂಸ್ಥೆ ನಡೆಸುವ ರ‍್ಯಾಂಕಿಂಗ್ ಪೋಲ್‌ನಲ್ಲಿ ಮತ ಹಾಕುವ ಪತ್ರಕರ್ತರು ತಮ್ಮ ಪಟ್ಟಿಯನ್ನು ಪ್ರತಿ ವಾರ ಬಹಿರಂಗವಾಗಿ ಕೊಡುತ್ತಾರೆ, ಅವರ ಹಿಂದೆ ದುಡ್ಡೂ ಇಲ್ಲ. ಕೋಟಿಗಟ್ಟಲೆ ಹಂಚುವವರಿಗೆ ಯಾಕೆ ಸಂಕೋಚ? ತಮ್ಮ ಕಾನ್ಫರೆನ್ಸಿನ ಯಾವುದೇ ತಂಡದ ಮಾತು ಬಂದಾಗಲೂ ಸದಸ್ಯರು ಕೋಣೆ ಬಿಡಲಿ. ಅಷ್ಟು ಜನ ಎದ್ದುಹೋದರೆ ಕೋಣೆಯಲ್ಲಿ ಉಳಿಯುವವರು ಯಾರು ಅನ್ನುತ್ತೀರಾ? ಹಾಗಾದರೆ ಹಾಲಿ ನಿರ್ದೇಶಕರನ್ನು ಕೂರಿಸಲೇಬೇಡಿ. ನಿವೃತ್ತ ಕೋಚ್‌ಗಳಿಗೆ, ಹಳೇ ಆಟಗಾರರಿಗೆ ಈ ದೇಶದಲ್ಲಿ ಬರವಿಲ್ಲ. ವಾರದ ರ‍್ಯಾಂಕಿಂಗ್ ನಿಲ್ಲಿಸಿ, ಎಲ್ಲ ಪಂದ್ಯ ಮುಗಿದ ಮೇಲೆ ಒಂದೇ ಸಲ ಹೇಳಿ. ಟಿವಿಯವರು ಒಪ್ಪುವುದಿಲ್ಲ, ಗೊತ್ತು. ಕೇಳಿಯಾದರೂ ನೋಡಿ.

ಸಣ್ಣ ಬೌಲ್‌ಗಳಲ್ಲಿ ಕಾಲೇಜಿನ ತಲೆಗೆ ಟಿಕೆಟ್ ಕಟ್ಟುವುದನ್ನು ಬಿಡಿ. ಖಾಲಿ ಸೀಟಿನ ನಷ್ಟ ಮಂಗಳವಾರ ಮಧ್ಯಾಹ್ನ ಪಂದ್ಯ ಇಟ್ಟವರದ್ದಾಗಲಿ. ತಂಡ ಹೋದ ಕಡೆ ಇಡೀ ಬ್ಯಾಂಡ್ ಹೋಗುವ ಖರ್ಚನ್ನು ಬೌಲ್ ಹಣದಲ್ಲೇ ಮೊದಲು ತೆಗೆದಿಡಿ, ಹಂಚಿಕೆ ಆಮೇಲೆ ಮಾಡಿಕೊಳ್ಳಿ. ಮತ್ತೆ, ಪ್ಲೇಆಫ್‌ನಲ್ಲಿ ಒಂದೇ ಪಂದ್ಯ ಆಡಿದ ಎರಡು ತಂಡಗಳಿಗೆ, 2025ರ ತನಕ ಇದ್ದ ಹಾಗೆ, ಆ ಪಂದ್ಯದ ಮಟ್ಟಿಗಾದರೂ ಒಂದೇ ಪಾಲು ಮುಂದೆಯೂ ಇರಲಿ. ವರ್ಷದ ಪಾಲು ಬೇರೆ ಇಟ್ಟುಕೊಳ್ಳಿ, ಅದರ ತಂಟೆಗೆ ಬರುವುದಿಲ್ಲ. ಒರೆಗನ್ ಎಷ್ಟು ಹೊತ್ತು ಆಡಿತೋ ಜೇಮ್ಸ್ ಮ್ಯಾಡಿಸನ್ನೂ ಅಷ್ಟೇ ಹೊತ್ತು ಆಡಿತು.

ನಮ್ಮ ಸಣ್ಣ ಕಾನ್ಫರೆನ್ಸ್‌ಗಳ ಕಮಿಷನರ್‌ಗಳಿಗೆ ಒಂದು ಪ್ರತ್ಯೇಕ ವಿನಂತಿ. ಪ್ಲೇಆಫ್‌ನಿಂದ, ಬೌಲ್‌ಗಳಿಂದ ಎಷ್ಟು ಬಂತು, ಪ್ರತಿ ಕಾಲೇಜಿಗೆ ಎಷ್ಟು ಹೋಯಿತು, ಪ್ರಯಾಣಕ್ಕೆ ಎಷ್ಟು ಖರ್ಚಾಯಿತು, ಒಂದೇ ಒಂದು ಹಾಳೆಯಲ್ಲಿ ಬರೆದು ನಮಗೆ ಕಳಿಸಿ. ದೊಡ್ಡವರ ಎದುರು ನಿಮ್ಮ ಕೈ ಕಟ್ಟಿದೆ ಅನ್ನುವುದು ನನಗೆ ಅರ್ಥವಾಗುತ್ತದೆ. ಹಾಳೆ ಬರೆಯುವ ಕೈಯನ್ನು ಯಾರೂ ಕಟ್ಟಿಲ್ಲವಲ್ಲ.

ಮುಂದಿನ ಸೆಮಿಸ್ಟರಿನ ಫೀ ಕಟ್ಟಲು ಆಗಸ್ಟ್ ಎರಡನೇ ವಾರ ಕೊನೆ. ಅಷ್ಟರೊಳಗೆ ಆ ಹಾಳೆ ಬಂದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬ್ಯಾಂಡ್ ಹುಡುಗಿಯ ಅಪ್ಪ